ಪೀಪಾಯಿಗೆ ಬಳಿದ ಹಸಿರು ಬಣ್ಣ

ಮಗನಂತಿದ್ದ ಶಿಷ್ಯ ವಿರೂಪಾಕ್ಷನಿಗೆ,

ನಮ್ಮ ದಾವಣಗೆರೆ ಜಿಲ್ಲೆಯಾದ ಮರುವರ್ಷ, ವಿದ್ಯಾನಗರದ ನನ್ನ ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವ ಮೊದಲೇ ಕೂಗಿದ್ದೆಯಲ್ಲ: “ಸರ್, ಪೀಪಾಯಿ ಸಿಕ್ತು! ವಿಸ್ಕಿ ಇಟ್ಟಿದ್ದು, ಓಕ್ ಮರದ್ದು!” ನೀನು ಕೆಲಸಕ್ಕಿದ್ದ ಹರಿಹರದ ಬಿಯರ್ ಕಾರ್ಖಾನೆಯ ಸಾಹುಕಾರರು ನಕ್ಕಿದ್ದರು. “ಬಿಯರು ಲಾರಿ ಹತ್ತಬೇಕೋ ತಮ್ಮಾ, ಉಪ್ಪಿನಕಾಯಿ ಹಂಗೆ ಕೂಡ್ರಸಾಕಾಗ್ತೈತೇನು?” ಆದರೂ ಒಪ್ಪಿದರು. ನೀನು ಕುದಿಸಿದ ಗಟ್ಟಿ ಏಲ್ ಬಿಯರ್ ಅದರೊಳಗೆ ಮಾಗಲು ಕುಳಿತಿತು.

ಜನ್ಮದಲ್ಲಿ ಹನಿ ಮುಟ್ಟದ ಕೆಮಿಸ್ಟ್ರಿ ಮೇಷ್ಟ್ರು ನಾನು. ಮರ ಉಸಿರಾಡುತ್ತದೆ, ಆ ಉಸಿರೇ ಮದ್ಯದ ಘಾಟನ್ನು ಮೆತ್ತಗಾಗಿಸುತ್ತದೆ ಎಂದು ಪಾಠ ಹೇಳಿದವನು. ರುಚಿ ನೋಡಿ ಹೇಳುತ್ತಿದ್ದವನು ನೀನು. ಶ್ರಾವಣದಲ್ಲಿ ಹೆದ್ದಾರಿಯ ಆ ಲಾರಿ ನಿನ್ನ ಸ್ಕೂಟರಿಗೆ... ಬರೆಯಲಾರೆ.

ಆಯುಧಪೂಜೆಯ ದಿನ ಕಾರ್ಖಾನೆಗೆ ಹೋದಾಗ ನಿನ್ನ ಪೀಪಾಯಿ ಅಚ್ಚ ಹಸಿರಾಗಿ ಹೊಳೆಯುತ್ತಿತ್ತು. ಹಬ್ಬಕ್ಕೆಂದು ಯಂತ್ರಗಳಿಗೆಲ್ಲ ಎಣ್ಣೆಬಣ್ಣ ಬಳಿದ ಕೆಲಸಗಾರ ಹನುಮಂತಪ್ಪ ಇದಕ್ಕೂ ಬಳಿದು, ವಿಭೂತಿ ಎಳೆದಿದ್ದ. “ನಮ್ ಹುಡುಗಂದಲ್ರೀ ಸರ, ಬೋಳು ಬಿಡಾಕ ಮನಸಾಗ್ಲಿಲ್ರೀ.” ಮರದ ಉಸಿರೇ ಮುಚ್ಚಿಹೋಗಿತ್ತು. ಬಣ್ಣದ ವಾಸನೆ ಒಳಗಿಳಿದಿದ್ದರೆ? ಅವನನ್ನು ಹೇಗೆ ಬೈಯಲಿ, ನೀನೇ ಹೇಳು? ಇಬ್ಬರೂ ಕುಳಿತು ಗಾಜಿನ ಚೂರುಗಳಿಂದ ಹೆರೆದೆವು. ಅವನು ಅಳುತ್ತಿದ್ದ, ನಾನು ಹೆರೆಯುತ್ತಲೇ ಇದ್ದೆ.

ಇವತ್ತು ಸಾಹುಕಾರರು ಖಡಾಖಂಡಿತವಾಗಿ ಹೇಳಿದರು: “ಕೆಟ್ಟಿದ್ರೆ ಮೋರಿಗೆ ಸುರುವಿ, ಪೀಪಾಯಿ ಸೌದೆ ಮಾಡ್ತೀನ್ರಿ ಮೇಷ್ಟ್ರೇ. ಇನ್ಯಾವ ಹುಡುಗನ್ನೂ ಇಂಥಾದ್ದಕ್ಕೆ ಕಳಿಸಬ್ಯಾಡ್ರಿ. ಯಾರ್ ರುಚಿ ನೋಡ್ತೀರಿ?” ಬಿಯರು ಮಾರುವ ಅವರೂ ಮುಟ್ಟದವರೇ, ನಿನಗೆ ಗೊತ್ತು. ತನ್ನ ಬಣ್ಣದಿಂದಲೇ ಕೆಟ್ಟಿದ್ದರೆ ಎಂದು ಹೆದರಿ ಹನುಮಂತಪ್ಪ ಲೋಟದಿಂದ ದೂರ ಸರಿದ.

ನಾನು ಕುಡಿದೆ, ವಿರೂಪಾಕ್ಷ. ಮೊದಲು ಕಹಿ, ಗಂಟಲಲ್ಲಿ ಬಿಸಿ, ಆಮೇಲೆ ಕಾಯಿಸಿದ ಬೆಲ್ಲದಂಥದ್ದೇನೋ, ಕೊನೆಗೊಂದು ಒಗರು. ಆ ಒಗರು ಓಕ್ ಮರದ್ದೋ, ಬಣ್ಣದ್ದೋ? ಯಾರನ್ನು ಕೇಳಲಿ?

“ಹೆಂಗೈತ್ರಿ?”

“ತಿಳೀಲಿಲ್ರಿ. ಇನ್ನೊಂದು ಲೋಟ ಕೊಡ್ರಿ.”

ಸಾಹುಕಾರರೇ ಲೋಟ ತುಂಬಿಸಿ ಕೊಟ್ಟರು. ಯುಗಾದಿಯವರೆಗೆ ತಡೆದುಕೊಳ್ಳಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಹರಿಹರದ ಬಸ್ಸು ಹತ್ತುತ್ತೇನೆ, ಗುಟುಕು ಗುಟುಕಾಗಿ ಕಲಿಯುತ್ತೇನೆ. ಮನೆಯಲ್ಲಿ ನಿಮ್ಮ ಮೇಡಂಗೆ ಇನ್ನೂ ಹೇಳಿಲ್ಲ. ಬಾಯಿ ವಾಸನೆಗೆ ಅವರೇ ಕಂಡುಹಿಡಿಯುತ್ತಾರೆ, ಹಿಡಿಯಲಿ.

ನಿನ್ನ ಮೇಷ್ಟ್ರು