ಮುಚ್ಚಂಡಿ ಮಾಳದ ಅರವತ್ಮೂರು ಸಸಿಗಳು

ಗಿಡ ನೆಡುವ ಯೋಜನೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಸರ್ಕಾರಿ ಸಸಿಗಳಿಗೆ ಹಾನಿ ಮಾಡಿದ ಆರೋಪದ ಮೇಲೆ ಮಾಯಕ್ಕ ಎಂಬ ಅರವತ್ತೆರಡು ವರ್ಷದ ಕುರಿಗಾಹಿ ಹೆಂಗಸಿಗೆ ನಿಮ್ಮ ಕಚೇರಿ ನೋಟೀಸು ಕಳಿಸಿದೆ. ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಜತ್ತದಲ್ಲಿ ನಿಮ್ಮೆದುರು ಹಾಜರಾಗಿ ಆಕೆ ಉತ್ತರ ಕೊಡಬೇಕಂತೆ. ಆಕೆ ಮಾಡಿದ್ದಿಷ್ಟು: ಮುಚ್ಚಂಡಿಯ ಮಾಳದ ಮೇಲೆ ನಿಮ್ಮ ಗುತ್ತಿಗೆಯವರು ಪ್ಲಾಸ್ಟಿಕ್ ಚೀಲದ ಸಮೇತ ಹೂತು ಹೋಗಿದ್ದ ಅರವತ್ಮೂರು ಸಸಿಗಳನ್ನು ಮೇಲೆತ್ತಿ, ಚೀಲ ಸೀಳಿ ತೆಗೆದು, ಅದೇ ಕುಣಿಯಲ್ಲಿ ಮತ್ತೆ ನೆಟ್ಟಳು. ಪಕ್ಕದಲ್ಲಿ ಕೂತು ಮಣ್ಣು ಮುಚ್ಚಿದವಳು ನಾನು. ನೋಟೀಸಿನಲ್ಲಿ ನನ್ನ ಹೆಸರಿಲ್ಲ. ಕಾರಣ ಊಹಿಸಬಲ್ಲೆ. ಎರಡು ವರ್ಷದ ಹಿಂದೆ ನೀವೇ ನನಗೆ ಶಾಲು ಹೊದಿಸಿ ‘ಪರಿಸರಸ್ನೇಹಿ ಉದ್ಯಮಿ’ ಎಂದು ಕರೆದಿದ್ದೀರಿ. ಸನ್ಮಾನ ಮಾಡಿದವಳನ್ನೇ ಆರೋಪಿ ಮಾಡಿದರೆ ನಿಮ್ಮ ಗೋಡೆಯ ಮೇಲಿನ ಫೋಟೋ ಇಳಿಸಬೇಕಾಗುತ್ತದೆ.

ಇದೇ ವಿಷಯವಾಗಿ ನಿಮಗೆ ನಿಮ್ಮ ಕಚೇರಿಯ ಭಾಷೆಯಾದ ಮರಾಠಿಯಲ್ಲಿ ಮೂರು ಅರ್ಜಿ ಬರೆದೆ. ಮೂರಕ್ಕೂ ಸ್ವೀಕೃತಿಯ ಮೊಹರು ಬಿತ್ತು, ಉತ್ತರ ಬರಲಿಲ್ಲ. ಆದ್ದರಿಂದ ಈ ಸಲ ಕನ್ನಡದಲ್ಲಿ, ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ. ನೀವು ಓದದಿದ್ದರೂ ಊರವರು ಓದುತ್ತಾರೆ. ಅಷ್ಟಕ್ಕೇ ಸಮಾಧಾನ ಪಟ್ಟುಕೊಳ್ಳುವಷ್ಟು ದಣಿದಿದ್ದೇನೆ.

ನಾನು ಬಾಲಗಾಂವದವಳು. ಜತ್ತದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಒಂದು ನರ್ಸರಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಕೆಲಸವೆಂದರೆ ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವುದು, ಮಳೆಗಾಲ ಮುಗಿದ ಮೇಲೆ ಹರಿದ ಚೀಲಗಳ ರಾಶಿಗೆ ಬೆಂಕಿ ಹಚ್ಚುವುದು. ಗಿಡ ಬೆಳೆಸುವ ಜಾಗದಲ್ಲಿ ಉಸಿರು ಕಟ್ಟುವ ಹೊಗೆ ಏಕೆ ಎಂದು ಕೇಳಿದರೆ ಮಾಲೀಕರು ನಗುತ್ತಿದ್ದರು. ಒಂದು ಬೇಸಿಗೆ ಮುಚ್ಚಂಡಿಯ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಮಾಯಕ್ಕನ ಕುರಿದೊಡ್ಡಿಯ ಹಿಂದೆ ಆಳೆತ್ತರ ಉಣ್ಣೆ ಬಿದ್ದಿತ್ತು.

“ಇದನ್ನೇನ ಮಾಡ್ತಿ ಆಯಿ?” ಎಂದೆ.

“ಏನ ಮಾಡ್ಲಿ ತಂಗಿ? ಮೊದಲ ಕಂಬಳಿ ನೇಯವ್ರು ಬಂದು ಒಯ್ತಿದ್ರು. ಈಗ ಅವ್ರ ಮನ್ಯಾಗ ಮಗ್ಗನ ಇಲ್ಲ. ಹಳ್ಳಕ್ಕ ಚೆಲ್ಲೂದು, ಇಲ್ಲಾ ಸುಡೂದು.”

ದೊಡ್ಡಿಯ ಬಾಗಿಲಲ್ಲಿ ಒಂದು ಬೇವಿನ ಸಸಿಯಿತ್ತು. ಸುತ್ತಲಿನ ಹುಲ್ಲೆಲ್ಲ ಒಣಗಿದ್ದರೂ ಅದೊಂದು ಹಸಿರಾಗಿತ್ತು. ಅದರ ಬುಡಕ್ಕೆ ಮಾಯಕ್ಕ ಒಂದು ಹಿಡಿ ಉಣ್ಣೆ ಸುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, “ಉಣ್ಣಿ ಹಸಿ ಹಿಡಿತೈತಿ. ಲಗೂನ ನೀರ ಬಿಟ್ಟಕೊಡೂದಿಲ್ಲ” ಎಂದಳು. ನಾನು ಮೂರು ವರ್ಷ ಕಾಲೇಜಿನಲ್ಲಿ ಕೂತು ಕಲಿಯದ ಪಾಠ ಅದು.

ಅಲ್ಲಿಂದ ನಮ್ಮ ಉದ್ಯೋಗ ಶುರುವಾಯಿತು. ಉಣ್ಣೆಯನ್ನು ಬಿಸಿನೀರು, ಅಂಟವಾಳದ ನೊರೆಯಲ್ಲಿ ನೆನೆಸಿ, ತುಳಿದು, ಹದಕ್ಕೆ ಬಂದ ಮೇಲೆ ಚೀಲದ ಆಕಾರಕ್ಕೆ ಒತ್ತುವುದು. ಅದರಲ್ಲಿ ಮಣ್ಣು ತುಂಬಿ ಸಸಿ ಬೆಳೆಸಿದರೆ, ನೆಡುವಾಗ ಚೀಲ ಬಿಚ್ಚುವ ಕೆಲಸವೇ ಇಲ್ಲ. ಚೀಲ ಸಮೇತ ಹೂತರೆ ಅದು ನೀರು ಹಿಡಿದಿಟ್ಟುಕೊಂಡು, ನಿಧಾನಕ್ಕೆ ಕೊಳೆತು ಗಿಡಕ್ಕೇ ಗೊಬ್ಬರವಾಗುತ್ತದೆ. ಹೇಳಲು ಎಷ್ಟು ಸರಳ! ಮೊದಲ ಚೀಲಗಳು ಕೈಯಲ್ಲೇ ಬಿಚ್ಚಿಕೊಂಡವು. ಎರಡನೆಯ ಸಲ ಗಟ್ಟಿಯಾದವು, ಆದರೆ ಕುರಿಯ ವಾಸನೆಗೆ ಊರ ನಾಯಿಗಳು ಬಂದು ನಲವತ್ತು ಚೀಲಗಳನ್ನು ಕಚ್ಚಿಕೊಂಡು ಹೋದವು. ನಾನು ಅಂಗಳದಲ್ಲಿ ಕೂತು ಅತ್ತೆ. ಮಾಯಕ್ಕ ನಕ್ಕು, “ಅಳಬ್ಯಾಡ. ಬೇವಿನ ತಪ್ಪಲ ಕುದಿಸಿ ಅದರಾಗ ಅದ್ದೋಣು. ನಾಯಿ ಮೂಸಿ ಸೈತ ನೋಡೂದಿಲ್ಲ” ಎಂದಳು. ಹಾಗೇ ಆಯಿತು. ಒಂದು ವರ್ಷದಲ್ಲಿ ಎರಡೂ ಊರು ಸೇರಿ ಹನ್ನೊಂದು ಹೆಂಗಸರಾದೆವು. ದ್ರಾಕ್ಷಿ ತೋಟದ ಕೂಲಿಗೆ ಪರಊರಿಗೆ ಹೋಗುತ್ತಿದ್ದ ರೂಪಾಲಿ ಮೊದಲ ಸಲ ಹಂಗಾಮಿನಲ್ಲಿ ಊರಲ್ಲೇ ಉಳಿದಳು. ಹಳ್ಳಕ್ಕೆ ಉಣ್ಣೆ ಬೀಳುವುದು ನಿಂತಿತು.

ಆಗ ನಿಮ್ಮ ಕಚೇರಿ ನಮ್ಮನ್ನು ಪರೀಕ್ಷಿಸಿತು. ಇದನ್ನು ಮೆಚ್ಚಿ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಕಚೇರಿ ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮುಚ್ಚಂಡಿಯ ಮಾಳದಲ್ಲಿ ಉಣ್ಣೆ ಚೀಲದ ಇನ್ನೂರು ಸಸಿ, ಪ್ಲಾಸ್ಟಿಕ್ ಚೀಲದಲ್ಲಿ ಬೆಳೆಸಿದ ಇನ್ನೂರು ಸಸಿ ನೆಟ್ಟರು. ನಿಮ್ಮದೇ ಕಾವಲುಗಾರ ಶಿದ್ರಾಯ ಮುಂದಿನ ಬೇಸಿಗೆಯ ಕೊನೆಗೆ ಒಂದೊಂದನ್ನೂ ಮುಟ್ಟಿ ಎಣಿಸಿದರು. ಉಣ್ಣೆಯವು ನೂರಾ ಅರವತ್ತೊಂದು ಉಳಿದಿದ್ದವು. ಪ್ಲಾಸ್ಟಿಕ್ಕಿನವು ಎಪ್ಪತ್ತನಾಲ್ಕು. ಶಿದ್ರಾಯ ಅದನ್ನು ವರದಿಯಲ್ಲಿ ಬರೆದು ಸಹಿ ಹಾಕಿದರು. ಆ ವರದಿ ನಿಮ್ಮ ಕಪಾಟಿನಲ್ಲಿದೆ.

ವರದಿ ಬಂದ ಎರಡನೆಯ ತಿಂಗಳಿಗೆ ಸನ್ಮಾನ. ವೇದಿಕೆಯ ಮೇಲೆ ನೀವು ಚೆನ್ನಾಗಿ ಮಾತಾಡಿದಿರಿ. ಜನರಿಗೂ ನಿಸರ್ಗಕ್ಕೂ ಒಳಿತಾಗುವ ಉದ್ಯಮ ಕಟ್ಟುವವರೇ ನಾಳಿನ ನಾಡು ಕಟ್ಟುವವರು ಎಂದಿರಿ. ಪ್ಲಾಸ್ಟಿಕ್ ಹಾಳೆ ಸುತ್ತಿದ ಪ್ಲಾಸ್ಟಿಕ್ ಫಲಕ ಕೊಟ್ಟಿರಿ. ನಾನು ನಗಲಿಲ್ಲ. ಮುಂದಿನ ವರ್ಷ ಇಲಾಖೆಯ ಸಸಿಗಳು ನಮ್ಮ ಚೀಲದಲ್ಲೇ ಬೆಳೆಯುತ್ತವೆ ಎಂದು ನಂಬಿದ್ದೆ. ನಂಬಿ ಇನ್ನೂ ಆರು ಹಟ್ಟಿಗಳ ಉಣ್ಣೆಗೆ ಮಾತು ಕೊಟ್ಟಿದ್ದೆ.

ಮುಂದಿನ ವರ್ಷದ ಚೀಲ ಖರೀದಿಯ ಪ್ರಕಟಣೆಯಲ್ಲಿ ಮತ್ತೆ ‘ಕಪ್ಪು ಪಾಲಿಥಿನ್ ಚೀಲ’ ಎಂದಿತ್ತು. ಕೇಳಲು ಬಂದೆ. ನಿಮ್ಮ ಗುಮಾಸ್ತರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು. “ನಿಯಮದಾಗ ಉಣ್ಣಿ ಅನ್ನೂ ಶಬ್ದನ ಇಲ್ಲರಿ ಬಾಯಾರ. ಹೊಸಾ ಶಬ್ದ ಸೇರಸಬೇಕಂದ್ರ ಬಾಳಿಕಿ ಪ್ರಮಾಣಪತ್ರ ಬೇಕು” ಎಂದರು. ಬಾಳಿಕೆ ಎಂದರೇನು ಎಂದೆ. “ಮಾಲು ಕೊಳಿಯೂದಿಲ್ಲ ಅಂತ ಬರಕೊಡಬೇಕ್ರಿ.”

“ಕೊಳಿಯೂದ ಅದರ ಗುಣ ಅಲ್ಲೇನ್ರಿ?”

“ಅದು ನನಗ ತಿಳಿತೈತ್ರಿ,” ಎಂದು ಅವರು ದನಿ ತಗ್ಗಿಸಿದರು. “ಫಾರ್ಮಿಗೆ ತಿಳಿಯೂದಿಲ್ಲ.”

ಆದರೂ ಮಾದರಿ ಕಳಿಸಿದೆವು. ಏಳು ತಿಂಗಳ ಮೇಲೆ ನಿಮ್ಮ ಸಹಿಯ ಪತ್ರ ಬಂತು: ‘ಸದರಿ ಚೀಲವು ಮಣ್ಣಿನಲ್ಲಿ ಕರಗುವುದು ಕಂಡುಬಂದಿರುವುದರಿಂದ ತಿರಸ್ಕರಿಸಲಾಗಿದೆ.’ ಮಾನ್ಯರೇ, ಸಹಿ ಮಾಡುವ ಮುನ್ನ ಆ ವಾಕ್ಯವನ್ನು ಒಮ್ಮೆ ಓದಿದ್ದಿರಾ? ಓದಿದ್ದರೆ ಪೆನ್ನು ತುಸುವಾದರೂ ತಡೆಯಲಿಲ್ಲವೇ? ಊಟ ಅರಗುತ್ತದೆ ಎಂಬ ಕಾರಣಕ್ಕೆ ಅನ್ನವನ್ನು ಯಾರಾದರೂ ತಿರಸ್ಕರಿಸುತ್ತಾರೆಯೇ? ನೂರು ವರ್ಷ ಕೊಳೆಯದ ಚೀಲ ನಿಮಗೆ ಯಾವ ಸಸಿಗೆ ಬೇಕಾಗಿದೆ? ಉದ್ಯಮಿಗಳಾಗಿ ಎಂದು ಹುರಿದುಂಬಿಸುವುದು ನೀವೇ, ಬಾಗಿಲಿಗೆ ಬಂದರೆ ನಿಯಮದಲ್ಲಿ ನಿಮ್ಮ ಹೆಸರಿಲ್ಲ ಎನ್ನುವುದೂ ನೀವೇ. ಹಾಗಿದ್ದರೆ ಶಾಲು ಹೊದಿಸಿದ್ದು ಯಾರಿಗೆ?

ಹನ್ನೊಂದರಲ್ಲಿ ಏಳು ಹೆಂಗಸರು ಕೂಲಿಗೆ ಮರಳಿದರು. ರೂಪಾಲಿ ಹೋಗುವ ದಿನ ಬಂದು, “ಅಕ್ಕಾ, ಸಿಟ್ಟ ಆಗಬ್ಯಾಡ್ರಿ” ಎಂದಳು. ನಾನು ಯಾವ ಮುಖದಿಂದ ಸಿಟ್ಟಾಗಲಿ?

ಈ ವರ್ಷ ಮೊದಲ ಮಳೆ ಬಿದ್ದ ವಾರ ನಿಮ್ಮ ಗುತ್ತಿಗೆಯವರು ಮಾಳಕ್ಕೆ ಬಂದು ಒಂದೇ ದಿನದಲ್ಲಿ ಸಾವಿರ ಸಸಿ ನೆಟ್ಟು ಹೋದರು. ಮರುದಿನ ಕುರಿ ಹೊಡೆದುಕೊಂಡು ಹೋದ ಮಾಯಕ್ಕ ನನಗೆ ಫೋನ್ ಮಾಡಿದಳು. “ತಂಗಿ, ಇವ್ರು ಕೂಸಿನ್ನ ಚೀಲದಾಗ ಕಟ್ಟಿ ಹುಗದಾರ. ಬೇರು ಎಲ್ಲಿಗಿ ಹೋಗಬೇಕು?” ನಾನು ಹೋಗಿ ನೋಡಿದೆ. ಅವಸರದಲ್ಲಿ ಯಾರೂ ಚೀಲ ಬಿಚ್ಚಿರಲಿಲ್ಲ. ಇಬ್ಬರೂ ಬಾಗಿ ಕೆಲಸಕ್ಕೆ ಕೂತೆವು. ಕುರಿಯ ಗೊರಸು ಕೆತ್ತುವ ಚಾಕುವಿನಿಂದ ಆಕೆ ಚೀಲ ಸೀಳುತ್ತಿದ್ದಳು, ಬೇರಿಗೆ ಒಂದು ಗಾಯವೂ ಆಗದ ಹಾಗೆ. ಅರವತ್ಮೂರು ಮುಗಿಯುವಷ್ಟರಲ್ಲಿ ನಿಮ್ಮ ಜೀಪು ಬಂತು. ಕುರಿಗಾಹಿ, ಚಾಕು, ಕಿತ್ತ ಸಸಿ: ಜೀಪಿನಲ್ಲಿದ್ದವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. “ಕುರಿ ಮೇಯಿಸಾಕ ಕೀಳಾಕತ್ತೀಯೇನ?” ಎಂದು ಗದರಿದರು. ಮಾಯಕ್ಕ ಕೈಯಲ್ಲಿದ್ದ ಸಸಿಯನ್ನು ನೆಟ್ಟು, ಮಣ್ಣು ಒತ್ತಿ, ಆಮೇಲೆ ಎದ್ದು ನಿಂತಳು. ನಾನು ವಿವರಿಸಿದೆ. ಅವರು ಫೋಟೋ ತೆಗೆದುಕೊಂಡರು.

ನೋಟೀಸನ್ನು ಆಕೆಗೆ ಓದಿ ಹೇಳಿದವಳೂ ನಾನೇ. ‘ಹಾನಿ’ ಎಂಬ ಶಬ್ದವನ್ನು ಆಕೆ ಮತ್ತೊಮ್ಮೆ ಓದಿಸಿದಳು. ಆಮೇಲೆ, “ನಾ ಹುಟ್ಟಿದಾಗಿಂದ ಒಂದ ಗಿಡ ಕಡದಿಲ್ಲ ತಂಗಿ. ಕುರಿಗಿ ತಪ್ಪಲ ಇಳಿಸಿದ್ರ ಸೈತ ಟೊಂಗಿ ಉಳಿಸಿ ಇಳಿಸೀನಿ. ಇದನ್ನ ಅವ್ರಿಗೆ ಯಾರು ಹೇಳ್ಯಾರು?” ಎಂದಳು. ಅಂದಿನಿಂದ ಆಕೆ ಮಾಳದ ಕಡೆ ಕುರಿ ಹೊಡೆದಿಲ್ಲ. ಮಾಳ ಬಿಟ್ಟರೆ ಮೇವು ಮೂರು ಹರದಾರಿ ದೂರ.

ಎರಡು ತಿಂಗಳಾಯಿತು. ನಿನ್ನೆ ಶಿದ್ರಾಯ ಮತ್ತು ನಾನು ಮಾಳ ಹತ್ತಿ ಎಣಿಸಿದೆವು. ಹಾನಿಗೊಳಗಾದ ಅರವತ್ಮೂರರಲ್ಲಿ ಐವತ್ತೊಂದು ಚಿಗುರಿವೆ. ಹಾನಿಯಾಗದೆ, ನಿಮ್ಮ ರಕ್ಷಣೆಯಲ್ಲಿದ್ದ ಪಕ್ಕದ ಸಾಲಿನ ಅರವತ್ಮೂರರಲ್ಲಿ ಹತ್ತೊಂಬತ್ತು. ಶಿದ್ರಾಯ ಇದನ್ನೂ ಬರೆದು ಸಹಿ ಹಾಕಿದ್ದಾರೆ. ನೌಕರಿಗೆ ಕುತ್ತು ಬಂದೀತು ಎಂದು ನಾನೇ ತಡೆಯಲು ನೋಡಿದೆ. “ಎಣಿಸೂದ ನನ್ನ ನೌಕ್ರಿರಿ” ಎಂದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮಾಯಕ್ಕನ ಮೇಲಿನ ನೋಟೀಸು ಹಿಂತೆಗೆದುಕೊಳ್ಳಿ, ಆಕೆ ಮಾಳದಲ್ಲಿ ಕುರಿ ಮೇಯಿಸಬಹುದು ಎಂದು ಬರೆದು ಕೊಡಿ. ಮುಂದಿನ ಪ್ರಕಟಣೆಯಲ್ಲಿ ಪಾಲಿಥಿನ್ ಎಂಬಲ್ಲಿ ‘ಅಥವಾ ಮಣ್ಣಿನಲ್ಲಿ ಕರಗುವ ಚೀಲ’ ಎಂದು ನಾಲ್ಕೇ ಶಬ್ದ ಸೇರಿಸಿ. ಉಳಿದ ನಾಲ್ವರು ಹೆಂಗಸರು ಇನ್ನೂ ಉಣ್ಣೆ ತುಳಿಯುತ್ತಿದ್ದೇವೆ. ಶಬ್ದ ಬಂದರೆ ಏಳು ಮಂದಿಯನ್ನು ಕರೆಯಲು ಹೊರಡುತ್ತೇನೆ. ಬರದಿದ್ದರೂ ತುಳಿಯುತ್ತೇವೆ. ಬೇರೆ ಏನು ಮಾಡಬೇಕೆಂದು ಈಗ ನನಗೆ ತೋಚುತ್ತಿಲ್ಲ.

ಸೋಮವಾರದ ವಿಚಾರಣೆಯನ್ನು ಕಚೇರಿಯಲ್ಲಿ ಇಟ್ಟುಕೊಳ್ಳಬೇಡಿ. ಮಾಳಕ್ಕೆ ಬನ್ನಿ. ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು, ಹನ್ನೊಂದಕ್ಕೆಲ್ಲ ಅಲ್ಲಿ ನಿಲ್ಲಲಾಗುವುದಿಲ್ಲ. ಇಲಾಖೆ ಹದಿನಾಲ್ಕು ವರ್ಷದಿಂದ ಅಲ್ಲಿ ಗಿಡ ನೆಡುತ್ತಿದೆ, ಆದರೂ ನಿಮ್ಮ ಕುರ್ಚಿ ಹಾಕಲು ನೆರಳಿಲ್ಲ.

ಇಂತಿ,
ನೋಟೀಸಿನಲ್ಲಿ ಹೆಸರು ಬಿಟ್ಟುಹೋದ ಎರಡನೆಯ ಆರೋಪಿ,
ಅನುರಾಧಾ
ಬಾಲಗಾಂವ, ಜತ್ತ ತಾಲೂಕು