ಇಲ್ಲ ಎನ್ನಲು ಕಲಿತದ್ದು

ರುಸೈಲ್, ಒಮಾನ್
೧೪ ನವೆಂಬರ್ ೧೯೯೧

ಪ್ರೀತಿಯ ಹರಿಣಾಕ್ಷಿ ಅಕ್ಕನಿಗೆ,

ನಿನ್ನ ಸೊಂಟನೋವು ಹೇಗಿದೆ? ಇಡೀ ದಿನ ನಿಂತೇ ಪಾಠ ಮಾಡಬೇಡ. ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ನಾನು ಹತ್ತನೆಯ ತರಗತಿ ಪಾಸಾಗಿಲ್ಲ. ಪರೀಕ್ಷೆಗೆ ಕೂತೇ ಇಲ್ಲ. ನೀನು ಬುತ್ತಿ ಕಟ್ಟಿ ಕಳಿಸಿದ ಅಷ್ಟೂ ದಿನ ಹೆಜಮಾಡಿಯ ಕಡಲ ಬದಿಯಲ್ಲಿ ಕೂತು ತಿಂದು ಬಂದೆ. ಫಲಿತಾಂಶದ ದಿನ ಬೇರೆ ಯಾರದೋ ನಂಬರು ತೋರಿಸಿದೆ. ಅಂಕಪಟ್ಟಿ ಕಳೆದುಹೋಯಿತು ಎಂದದ್ದೂ ಸುಳ್ಳು.

ಇದನ್ನು ಬರೆಯುವಷ್ಟರಲ್ಲಿ ನಾಲ್ಕು ಸಲ ಎದ್ದು ಗೇಟಿನವರೆಗೆ ಹೋಗಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ನಮ್ಮ ಟೈಲ್ಸ್ ಫ್ಯಾಕ್ಟರಿಗೆ ಹೊಸ ಯಂತ್ರ ಕೂರಿಸಲು ಸ್ಪೇನಿನಿಂದ ರಾಮೋನ್ ಎಂಬವರು ಬಂದಿದ್ದಾರೆ. ಇಂಗ್ಲಿಷ್ ಅವರಿಗೂ ನನ್ನಷ್ಟೇ. ನನ್ನನ್ನು ಅವರ ಜೊತೆಗೆ ಹಾಕಿದಾಗ ನಮ್ಮ ಸೂಪರ್‌ವೈಸರ್ ಭೋಜರಾಜಣ್ಣ ಹೇಳಿದ್ದು ಒಂದೇ: "ಕೇಳಿದ್ದಕ್ಕೆಲ್ಲ ಸಿ, ಸಿ ಅನ್ನು ಮಾರಾಯ. ಇಲ್ಲ ಅಂದ್ರೆ ಕಂಪೆನಿ ಮರ್ಯಾದೆ ಹೋಗ್ತದೆ." ಸಿ ಎಂದರೆ ಅವರ ಭಾಷೆಯಲ್ಲಿ ಹೌದು. ನಾವೆಲ್ಲ ಇಲ್ಲಿ ಹಾಗೆಯೇ, ಅರ್ಥವಾಗದಿದ್ದರೂ ತಲೆ ಆಡಿಸುತ್ತೇವೆ. ಕಳೆದ ತಿಂಗಳು ರಾಮೋನ್ ಏನೋ ಹೇಳಿ, ಅರ್ಥವಾಯಿತೇ ಎಂದು ಕೇಳಿದರು. ಸಿ ಎಂದೆ. ಸ್ವಿಚ್ ಹಾಕುತ್ತೇನೆ, ಎಲ್ಲರಿಗೂ ತಿಳಿಸು ಎಂದಿದ್ದರಂತೆ. ನಾನು ಯಾರಿಗೂ ತಿಳಿಸಲಿಲ್ಲ. ನನ್ನ ರೂಮಿನ ಕೊಗ್ಗಣ್ಣನ ಎರಡು ಬೆರಳು ರೋಲರಿನಲ್ಲಿ ಹೋದವು.

ಆಮೇಲೆ ರಾಮೋನ್ ನನಗೆ ಬೈಯಲಿಲ್ಲ. ಊಟದ ಬಿಡುವಿನಲ್ಲಿ ರಟ್ಟಿನ ಪೆಟ್ಟಿಗೆಯ ಮೇಲೆ ಬರೆದು ಕಲಿಸಿದರು. ನೊ ಎಂದರೆ ಇಲ್ಲ. ನಾದಾ, ಏನೂ ಇಲ್ಲ. ನಾದಿಯೆ, ಯಾರೂ ಇಲ್ಲ. ನೂಂಕಾ, ಎಂದಿಗೂ ಇಲ್ಲ. ಒಂದೇ ಮಾತಿನಲ್ಲಿ ಎರಡೆರಡು ಇಲ್ಲ ಬಂದರೂ ಅವರಲ್ಲಿ ಸರಿಯಂತೆ. ನಾನು 'ಐ ಡೋಂಟ್ ನೋ ನಥಿಂಗ್' ಎಂದು ಬರೆದದ್ದಕ್ಕೆ ನೀನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಿವಿ ಹಿಂಡಿದ್ದು ನೆನಪಾಗಿ ನಗು ಬಂತು. ಆ ದೇಶದಲ್ಲಾದರೆ ನನಗೆ ಪೂರ್ತಿ ಮಾರ್ಕು ಅಕ್ಕ!

ಮೊನ್ನೆ ವಿಚಾರಣೆ ನಡೆಯಿತು. ತಪ್ಪು ಕೊಗ್ಗಣ್ಣನದೇ ಎಂದು ಬರೆದು ಅವನನ್ನು ಊರಿಗೆ ಕಳಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. "ಅವನಿಗೆ ಮೊದಲೇ ಹೇಳಿದ್ದಿ ತಾನೆ?" ಎಂದು ಭೋಜರಾಜಣ್ಣ ಕಣ್ಣು ಮಿಟುಕಿಸಿದರು. ನಾನು ರಾಮೋನ್ ಕಡೆ ತಿರುಗಿ ಅವರ ಭಾಷೆಯಲ್ಲೇ ಹೇಳಿದೆ: "ನೊ ಎಂತೆಂದಿ ನಾದಾ. ನಾದಿಯೆ ಲೆ ದಿಹೊ ನಾದಾ." ನನಗೆ ಏನೂ ಅರ್ಥವಾಗಿರಲಿಲ್ಲ, ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ರಾಮೋನ್ ತಮ್ಮ ವರದಿಯಲ್ಲಿ ಹಾಗೆಯೇ ಬರೆದರು. ಕೊಗ್ಗಣ್ಣ ಉಳಿದ, ಅವನಿಗೆ ಸ್ಟೋರಿನಲ್ಲಿ ಕೆಲಸ. ನನ್ನನ್ನು ಮ್ಯಾನೇಜರು ಕರೆದು ಹತ್ತನೆಯ ತರಗತಿಯ ಸರ್ಟಿಫಿಕೇಟ್ ಕೇಳಿದರು. ಅದಕ್ಕೂ ಇಲ್ಲ ಎಂದೆ. "ಖಲಾಸ್" ಎಂದರು, ಅಲ್ಲಿಗೆ ನನ್ನ ಕೆಲಸ ಮುಗಿಯಿತು. "ಸತ್ಯ ಹೇಳ್ಲಿಕ್ಕಾ ನಿನ್ನನ್ನು ಇಲ್ಲಿಗೆ ಕರ್ಸಿದ್ದು?" ಎಂದು ಭೋಜರಾಜಣ್ಣ ಈಗಲೂ ಗೊಣಗುತ್ತಿದ್ದಾರೆ.

ಅಮ್ಮನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಮಾವನ ಮುದ್ದು.

ನಿನ್ನ ತಮ್ಮ,
ಗುರುವ

ಮರೆತಿದ್ದೆ: ಕಿನ್ನಿಗೋಳಿಯ ಹೆರಾಲ್ಡ್ ಇವತ್ತು ಊರಿಗೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನನ್ನ ಮುಖ ನೋಡುವ ಮೊದಲು ನೀನು ಇದನ್ನು ಓದಿರಬೇಕು. ಪಾಸಾಗಿದ್ದೇನೆಂದು ನಂಬಿ ನೀನು ನನ್ನ ಹೆಸರಿನಲ್ಲಿ ತುಂಬಿಸಿಟ್ಟ ಆ ಬ್ಯಾಂಕ್ ಕೆಲಸದ ಅರ್ಜಿಯನ್ನು ಹರಿದು ಹಾಕು. ನಾಳೆ ಹೊರಡುತ್ತೇನೆ.