ತೊಟ್ಟಿಯ ಮೇಲೆ ಕೂತ ಕಿನ್ನರಿ

೧೪ ನವೆಂಬರ್ ೧೮೬೨, ಶುಕ್ರವಾರ. ಲಂಡನ್

ಅಲ್ಲ, ನಾನು ಕಿನ್ನರಿಯರನ್ನು ಯಾವತ್ತೂ ಕಂಡವನಲ್ಲ ಎಂದು ನಿನ್ನೆಯೇ ಹೇಳಿದ್ದೆ. ಆದರೂ ಮಿಸೆಸ್ ಪಾರ್ಗೆಟರ್ ನಾನು ಬರೆದ ಕಿನ್ನರಿಯ ಚಿತ್ರ ನೋಡಲು ಇವತ್ತು ಮತ್ತೆ ಬಂದರು. ಮೇಜಿನ ಸುತ್ತ ಕೂತು ಸತ್ತವರನ್ನು ಕರೆಸುವ ಗುಂಪಿನವರು.

"ಈ ಮುಖ ಈ ಲೋಕದ್ದಲ್ಲ ಕಣ್ರೀ. ನಿಮಗೆ ದರ್ಶನ ಆಗಿದೆ. ಹಾಗಂತ ಒಂದು ಸಾಲು ಬರೆದುಕೊಡಿ, ಚಿತ್ರ ಈಗಲೇ ಕೊಂಡ್ಕೋತೀನಿ."

"ಅವಳು ನನ್ನ ಹೆಂಡತಿ ಕೆಜಾಯಾ, ಅಮ್ಮಾ. ಬಟ್ಟೆ ಒಗೆಯೋ ತೊಟ್ಟಿ ಬೋರಲು ಹಾಕಿ ಕೂರಿಸಿದ್ದೆ. ರೆಕ್ಕೆ ಮಾತ್ರ ಪತಂಗದ್ದು."

"ಹಾಗಾದ್ರೆ ಅವರ ಆತ್ಮವೇ ಬಂದಿತ್ತು!"

"ಆಗಿನ್ನೂ ಬದುಕಿದ್ದಳು. ಕಾಲು ಮರಗಟ್ತು, ನಿಮ್ಮ ಕಿನ್ನರಿಗೆ ಚಹಾನಾದ್ರೂ ಕೊಡ್ರೀ ಅಂತ ಬೈತಿದ್ದಳು."

ಮುಖ ಸಿಂಡರಿಸಿಕೊಂಡು ಹೋದರು. ಮನೆಯಲ್ಲಿ ಕಲ್ಲಿದ್ದಲು ಮುಗಿದಿದೆ; ಒಂದು ಸಾಲು ಬರೆಯಬಹುದಿತ್ತು. ಬರೆದಿದ್ದರೆ ಕೆಜಾಯಾ ಅಲ್ಲಿ ಕೂತೇ ಇರಲಿಲ್ಲ ಎಂದಾಗುತ್ತಿತ್ತು. ಮೂರು ವಾರ ಕೂತಿದ್ದಳು.

ಚಿತ್ರದ ಮೂಲೆಯಲ್ಲಿ ನನ್ನ ಹೆಸರಿನ ಪಕ್ಕ 'ಬರೆದವನು' ಎಂದು ಲ್ಯಾಟಿನ್ನಿನಲ್ಲಿದೆ. 'ಕೂತವಳು' ಎನ್ನುವುದಕ್ಕೆ ಕಾಲೇಜಿನಲ್ಲಿ ಕಲಿತ ಲ್ಯಾಟಿನ್ ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಕೊನೆಗೆ ಚಿತ್ರದ ಬೆನ್ನಿಗೆ ನಮ್ಮ ಮನೆಮಾತಿನಲ್ಲೇ 'ಕೂತವಳು ಕೆಜಾಯಾ' ಎಂದು ಬರೆದೆ. ಅವಳ ಊರಿನ ಹೆಸರನ್ನೂ ಸೇರಿಸೋಣವೆಂದರೆ, ಕಿಟಕಿಯ ಬೆಳಕು ಆಗಲೇ ಹೋಗುತ್ತಿದೆ, ಅಕ್ಷರ ಸರಿಯಾಗಿ ಕಾಣು…